ಸೂರ್ ಮೈದಾನದಲ್ಲಿ ಚೆಲ್ಲಿದ ಚರಗ

ಫುಟ್‌ಬಾಲಿಗೂ ನನಗೂ ಎಣ್ಣೆ ಸೀಗೆಕಾಯಿ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಓದುವವರು ನನ್ನನ್ನು ದೊಡ್ಡ ಆಟದ ಪಂಡಿತ ಎಂದುಕೊಂಡಾರು. ವಿಜಯಪುರ ಜಿಲ್ಲೆಯವನು ನಾನು. ನಮ್ಮ ಕಡೆ ಕುಸ್ತಿ ಗೊತ್ತು, ಕಬಡ್ಡಿ ಗೊತ್ತು, ಟಿ.ವಿ. ಬಂದ ಮೇಲೆ ಕ್ರಿಕೆಟ್ ಗೊತ್ತು. ಆಫ್‌ಸೈಡ್ ಎಂದರೇನೆಂದು ಇವತ್ತಿಗೂ ಯಾರೂ ನನಗೆ ತಿಳಿಯುವ ಹಾಗೆ ಹೇಳಿಲ್ಲ, ಹೇಳಲು ಬಂದವರಿಗೆ ತಾನೇ ಅದು ಗೊತ್ತಿತ್ತು ಎಂಬ ನಂಬಿಕೆ ನನಗಿಲ್ಲ. ಹೀಗಿದ್ದೂ ಒಮಾನಿನ ಸೂರ್ ಪಟ್ಟಣದಲ್ಲಿ, ಪೋಲೆಂಡ್ ದೇಶದ ಒಬ್ಬ ಫಾರ್ವರ್ಡ್ ಆಟಗಾರನ ಉಸ್ತುವಾರಿ ನನ್ನ ಕೊರಳಿಗೆ ಬಿತ್ತು.

ನಾನು ಕೆಲಸಕ್ಕಿದ್ದದ್ದು ಅಲ್ಲಿನ ಗ್ಯಾಸ್ ಪ್ಲಾಂಟಿಗೆ ಆಳು, ಗಾಡಿ, ಸಾಮಾನು ಒದಗಿಸುವ ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ. ವೀಸಾ, ಬಾಡಿಗೆ ಮನೆ, ಡ್ರೈವರುಗಳ ಜಗಳ, ಕೆಟ್ಟ ಏಸಿ, ಎಲ್ಲ ನನ್ನ ಪಾಲಿಗೆ. ಕಂಪನಿಯ ಮಾಲೀಕರು, ಅಂದರೆ ನಮ್ಮ ವೀಸಾಕ್ಕೆ ಹೊಣೆಯಾದ ಕಫೀಲ್, ಊರಿನ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರೂ ಹೌದು. ನಾವು ಅವರನ್ನು ಅರ್ಬಾಬ್ ಎನ್ನುತ್ತಿದ್ದೆವು. ಒಂದು ಬೆಳಗ್ಗೆ ಕರೆದು, ತಮ್ಮ ಎಂದಿನ ಮೊಟಕು ಹಿಂದಿಯಲ್ಲಿ, "ನಾಳೆ ಯುರೋಪಿನಿಂದ ಒಬ್ಬ ಆಟಗಾರ ಬರ್ತಾನೆ. ಅವನು ನಿನ್ನ ಆದ್ಮಿ. ಯಲ್ಲಾ, ಹೊರಡು" ಎಂದರು. ಅರ್ಬಾಬ್ ಹೇಳಿದ ಮೇಲೆ ಮುಗೀತು. ಆಟ ಬರದವನಿಗೆ ಆಟಗಾರನನ್ನು ಯಾಕಪ್ಪ ಕಟ್ಟುತ್ತೀರಿ ಎಂದು ಕೇಳುವ ಧೈರ್ಯ ಯಾರಿಗಿದೆ?

ಮಸ್ಕತ್ ವಿಮಾನ ನಿಲ್ದಾಣದಲ್ಲಿ ಅವನನ್ನು ಮೊದಲು ನೋಡಿದಾಗ, ಇವನ ಅಪ್ಪ ಬಂದಿದ್ದಾನೇನೋ ಅಂದುಕೊಂಡೆ. ತಲೆ ಮುಂದಿನಿಂದ ಬೋಳಾಗಿತ್ತು. ಎತ್ತರ ನೋಡಿದರೆ ನಮ್ಮ ಕಾರಿನಲ್ಲಿ ಮಡಚಿ ಕೂರಿಸಬೇಕು. ದೊಡ್ಡ ಸೂಟ್‌ಕೇಸುಗಳನ್ನು ಡಿಕ್ಕಿಗೆ ಹಾಕಲು ಕೊಟ್ಟ, ಬೂಟುಗಳಿದ್ದ ಚೀಲವನ್ನು ಮಾತ್ರ ತೊಡೆಯ ಮೇಲೇ ಇಟ್ಟುಕೊಂಡ. ಸೂರಿನವರೆಗೂ ಬೋಳು ಗುಡ್ಡಗಳನ್ನೇ ನೋಡುತ್ತ ಬಂದವನು ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ, "ಮೈದಾನದಲ್ಲಿ ಹುಲ್ಲು ಇದೆಯಾ?" ಅವನ ಇಂಗ್ಲಿಷೂ ಕುಂಟು, ನನ್ನ ಇಂಗ್ಲಿಷೂ ಕುಂಟು, ಆದ್ದರಿಂದ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು. ಅವನ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಅವನಿಗೆ ಮನೆ ಕೊಟ್ಟದ್ದು ನಮ್ಮ ಬಿಲ್ಡಿಂಗಿನಲ್ಲೇ, ನಮ್ಮ ಮೇಲಿನ ಮಹಡಿಯಲ್ಲಿ. ಮೊದಲ ವಾರವೇ ನನ್ನ ಹೆಂಡತಿ ಅವನನ್ನು ಪೋಲೆಂಡಪ್ಪ ಮಾಡಿಬಿಟ್ಟಳು. ನಮ್ಮ ಕಡೆ ಯಾರ ಹೆಸರಿಗಾದರೂ ಅಪ್ಪ ಅಂಟಿಸಿದರೆ ಅವರು ಮನೆಯವರಾದರು ಅಂತಲೇ ಲೆಕ್ಕ. ಅವನು ಒಬ್ಬನೇ ಕೂತು ಬೇಯಿಸಿದ ಕೋಳಿ, ಬೇಯಿಸಿದ ಗೆಣಸು ತಿನ್ನುವುದನ್ನು ನೋಡಿ ಬಂದಿದ್ದಳು. "ಉಪ್ಪಿಲ್ಲ ಖಾರಿಲ್ಲ, ಬಾಣಂತಿ ಊಟಕ್ಕೂ ಕಡೆ ಐತ್ರೀ ಅದು. ಹಿಂಗ ತಿಂದರ ಅಂವಾ ಏನು ಒದಿತಾನು?" ಎಂದು ಮರುದಿನವೇ ಜೋಳದ ರೊಟ್ಟಿ, ಎಣಗಾಯಿ, ಗಟ್ಟಿ ಮೊಸರು ಮೇಲೆ ಹೋದವು. ಆಮೇಲೆ ಅವನೇ ಕೆಳಗೆ ಬರತೊಡಗಿದ. ಅವನು ಕಲಿತ ಮೊದಲ ಕನ್ನಡ ಮಾತು "ಸಾಕ್ರೀ". ಅದನ್ನು ಅವನು ಎಷ್ಟು ಸಲ ಹೇಳಿದರೂ ಇವಳು ಇನ್ನೊಂದು ರೊಟ್ಟಿ ಹಾಕದೆ ಬಿಟ್ಟವಳಲ್ಲ.

ಊಟದ ಹೊತ್ತಿನಲ್ಲಿ ಅವನ ಆಟದ ಬದುಕು ತುಂಡು ತುಂಡಾಗಿ ಹೊರಗೆ ಬಂತು. ಅವನ ಊರು ಕಲ್ಲಿದ್ದಲ ಗಣಿಯ ಊರು. ಅಪ್ಪ ಗಣಿಯೊಳಗೆ ಇಳಿಯುತ್ತಿದ್ದವನು. ಗಣಿಯವರದೇ ಒಂದು ತಂಡ, ಗಣಿಯವರದೇ ಮೈದಾನ, ಚಳಿಗಾಲದಲ್ಲಿ ಬಿದ್ದ ಹಿಮದ ಮೇಲೂ ಮಸಿ. ಮೀಸೆ ಸರಿಯಾಗಿ ಬರುವ ಮೊದಲೇ ದೊಡ್ಡ ಲೀಗಿಗೆ ಏರಿದ, ಏರಿದ ಹೊಸತರಲ್ಲೇ ಗೋಲುಗಳ ಮೇಲೆ ಗೋಲು ಹೊಡೆದ, ಪೇಪರಿನಲ್ಲಿ ಫೋಟೊ ಬಂತು. ಒಂದು ಸಲ ದೇಶದ ತಂಡಕ್ಕೂ ಕರೆದರು. ದೇಶದ ಅಂಗಿ ಹಾಕಿಕೊಂಡು ಬೆಂಚಿನ ಮೇಲೆ ಕೂತ. ಗೆರೆಯ ಆಚೆ ಓಡಿ ಓಡಿ ಮೈ ಬಿಸಿ ಮಾಡಿಕೊಳ್ಳುತ್ತಲೇ ಇದ್ದ. ಒಳಗೆ ಬಾ ಎಂದು ಮಾತ್ರ ಯಾರೂ ಅನ್ನಲಿಲ್ಲ. "ಆ ಅಂಗಿ ಒಗೆಯೋ ಹಾಗೇ ಇರಲಿಲ್ಲ. ಬೆವರೇ ಇಲ್ಲ" ಎಂದು ನಕ್ಕ.

ಆಮೇಲೆ ಮಂಡಿ ಹೋಯಿತು. ಆಪರೇಷನ್ ಆದ ವರ್ಷವೇ ಮಗಳು ಹುಟ್ಟಿದಳು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಬಿದ್ದವನ ಹೊಟ್ಟೆಯ ಮೇಲೆ ಕೂಸನ್ನು ಮಲಗಿಸುತ್ತಿದ್ದರಂತೆ. ಕಾಲು ಸರಿಹೋದರೂ ಹಳೆಯ ಓಟ ಬರಲಿಲ್ಲ, ಊರಿನ ತಂಡಗಳು ಬೇಡ ಎಂದವು. ಅಲ್ಲಿಂದ ಅಲೆದಾಟ. ಸೈಪ್ರಸ್, ಕಜಕಸ್ತಾನ್, ಮಾಲ್ಟಾ, ಗ್ರೀಸಿನ ಯಾವುದೋ ದ್ವೀಪ. ಆ ದೇಶಗಳಲ್ಲಿ ಏನು ನೋಡಿದೆ ಎಂದು ನನ್ನ ಹೆಂಡತಿ ಆಸೆಯಿಂದ ಕೇಳಿದರೆ ಬರೀ ಹುಲ್ಲಿನ ಸುದ್ದಿ. ಒಂದು ಕಡೆ ಹುಲ್ಲು ಹೆಪ್ಪುಗಟ್ಟಿ ಗಾಜಾಗಿತ್ತು, ಇನ್ನೊಂದು ಕಡೆ ಗೋಲಿನ ಹಿಂದೆ ಕುರಿ ಮೇಯುತ್ತಿದ್ದವು. "ಇಂವಾ ಆಟಗಾರನೋ ದನಾನೋ, ಹುಲ್ಲು ಬಿಟ್ಟು ಮಾತ ಇಲ್ಲಲ್ಲ!" ಎಂದಳು ನನಗೆ. ಅವನು ಏನು ಎಂದು ಕೇಳಿದ, ನಾನು ಅರ್ಥ ಹೇಳಿದೆ, ಅವನು ಎಮ್ಮೆಯ ಹಾಗೆ ಕೂಗಿ ತೋರಿಸಿದ. ಅವತ್ತಿನಿಂದ ಅವರಿಬ್ಬರ ನಡುವೆ ಭಾಷೆಯ ತೊಂದರೆ ಇರಲಿಲ್ಲ.

ಅವು ಕಚ್ಚಾ ಎಣ್ಣೆಯ ಬೆಲೆ ಬಿದ್ದ ವರ್ಷಗಳು. ಅವನು ಬರುವ ಹೊತ್ತಿಗೆ ಇಳಿಯಲು ಶುರುವಾಗಿದ್ದದ್ದು, ಅವನು ಬಂದ ಮೇಲೆ ಇನ್ನೂ ಕೆಳಗೆ ಹೋಯಿತು. ಹೊಸ ಟೆಂಡರುಗಳು ನಿಂತವು. ಕಡಲ ದಂಡೆಯ ರಸ್ತೆ ಕಾರ್ನಿಶಿನ ಉದ್ದಕ್ಕೂ ಮನೆಗಳ ಮುಂದೆ ಸೋಫಾ, ಫ್ರಿಜ್ಜು, ಮಕ್ಕಳ ಸೈಕಲ್ಲು ಮಾರಾಟಕ್ಕೆ ನಿಂತವು. ಯಾರನ್ನಾದರೂ ಎಚ್.ಆರ್. ಕರೆಯಿತು ಎಂದರೆ ಉಳಿದವರು ಕಂಪ್ಯೂಟರಿನಿಂದ ಕಣ್ಣೆತ್ತುತ್ತಿರಲಿಲ್ಲ. ನಮ್ಮ ಅಕೌಂಟ್ಸಿನಲ್ಲಿದ್ದ ಮಂಗಳೂರಿನ ಕಡೆಯವರೊಬ್ಬರು ಒಂದು ಮಧ್ಯಾಹ್ನ ನನ್ನ ಟೇಬಲ್ಲಿಗೆ ಬಂದು, "ನಮ್ದು ಖಲಾಸ್ ಮಾರಾಯ್ರೆ. ಇಷ್ಟು ವರ್ಷ ಇಲ್ಲಿಯ ಮೀನು ತಿಂದದ್ದಾಯ್ತು, ಇನ್ನು ಊರಿನ ಮೀನು ತಿನ್ನುವ" ಎಂದರು. ನಗುತ್ತಲೇ ಹೇಳಿದರು.

ಪೋಲೆಂಡಪ್ಪನಿಗೆ ಇದೆಲ್ಲ ಹೊಸತಲ್ಲ. "ನಾನು ಹುಡುಗನಾಗಿದ್ದಾಗ ನಮ್ಮೂರ ಗಣಿ ಮುಚ್ಚಿತು. ಇಲ್ಲಿಗೆ ಬಂದೆ, ಎಣ್ಣೆ ಬಿತ್ತು. ನೆಲದೊಳಗೆ ಇರೋದಕ್ಕೂ ನನಗೂ ಆಗಿಬರಲ್ಲ" ಎಂದ.

"ಹಂಗಾರ ನಮ್ಮೂರ ಬೋರ್‌ವೆಲ್ ಕಡೆ ಮಾತ್ರ ಕರಕೊಂಡು ಹೋಗಬ್ಯಾಡ್ರಿ ಇಂವನ್ನ" ಎಂದಳು ನನ್ನ ಹೆಂಡತಿ.

ಕ್ಲಬ್ಬಿಗೂ ಬಿಸಿ ತಟ್ಟಿತು. ಬರಗಾಲದಲ್ಲಿ ಅಧಿಕ ಮಾಸ ಅನ್ನುವ ಹಾಗೆ, ಅದೇ ಸಮಯಕ್ಕೆ ಇವನ ಗೋಲುಗಳೂ ನಿಂತುಹೋದವು. ಮೊದಲ ತಿಂಗಳುಗಳಲ್ಲಿ ಊರ ಹುಡುಗರು ಬೀದಿಯಲ್ಲಿ ಇವನನ್ನು ಕಂಡರೆ ಕೈಕುಲುಕಿ ಕಹ್ವಾ ಕಾಫಿ ಕುಡಿಸುತ್ತಿದ್ದರು. ಈಗ ಸಲಾಂ ಹೇಳಿ ಮುಂದೆ ಹೋಗುತ್ತಿದ್ದರು. ತರಬೇತುದಾರ ಟ್ಯುನೀಷಿಯಾದವನು, ಒಳ್ಳೆಯವನೇ, ಆದರೆ ಅವನ ಕುರ್ಚಿಯೂ ಅಲ್ಲಾಡುತ್ತಿತ್ತು.

ಇಷ್ಟರ ನಡುವೆ ಇವನ ಹೆಂಡತಿ ಮಗಳನ್ನು ಕರೆದುಕೊಂಡು ಕ್ರಿಸ್‌ಮಸ್ ಕಳೆದ ಮೇಲೆ ಬರುವುದೆಂದು ನಿಶ್ಚಯವಾಯಿತು. ಟಿಕೆಟ್ ಆದ ದಿನ ಅವನು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದು ಸಂಗತಿ ಹೇಳಿದ. ಮಗಳ ಶಾಲೆಯಲ್ಲಿ, ನಿಮ್ಮ ಅಪ್ಪ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರಂತೆ. ಒಬ್ಬಳು ಡಾಕ್ಟರ್ ಎಂದಳು, ಒಬ್ಬ ಬಸ್ ಓಡಿಸುತ್ತಾರೆ ಎಂದ. ಇವನ ಮಗಳು, ನಮ್ಮಪ್ಪ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುತ್ತಾರೆ ಎಂದಳಂತೆ. ಅವಳು ಹುಟ್ಟಿದಾಗಿನಿಂದ ಅವನನ್ನು ಬಿಟ್ಟದ್ದೂ ಕರೆತಂದದ್ದೂ ಅಲ್ಲೇ ಅಲ್ಲವೇ? ನಾವು ನಕ್ಕೆವು. ಅವನೂ ನಕ್ಕ, ಆಮೇಲೆ ನಗಲಿಲ್ಲ.

"ಅವಳು ಒಂದು ಸಲವೂ ನಾನು ಆಡೋದನ್ನ ನೋಡಿಲ್ಲ. ಫೋನಿನಲ್ಲಿ ತೋರಿಸಿದರೆ ಚಿಕ್ಕ ಚಿಕ್ಕ ಮನುಷ್ಯರು ಅಂತಾಳೆ. ಅವಳು ಬಂದಾಗ ನಾನು ಮೈದಾನದಲ್ಲಿ ಇರಬೇಕು. ಅಷ್ಟೇ. ಆಮೇಲೆ ಏನು ಬೇಕಾದರೂ ಆಗಲಿ."

ಮರುದಿನವೇ ಅರ್ಬಾಬ್ ನನ್ನನ್ನು ಕರೆದರು. ಹೊರದೇಶದ ಆಟಗಾರರಲ್ಲಿ ಒಬ್ಬನನ್ನು ಬಿಡಲೇಬೇಕು. "ಶುಕ್ರವಾರದ ಆಟದಲ್ಲಿ ನಿನ್ನ ಆದ್ಮಿ ಗೋಲ್ ಹೊಡೆದರೆ ಇರ್ತಾನೆ. ಇಲ್ಲಾಂದ್ರೆ ಖಲಾಸ್. ನೀನೇ ಹೇಳಿಬಿಡು." ಸಿಹಿ ಸುದ್ದಿ ಹೇಳಲು ಎಲ್ಲರೂ ಇರುತ್ತಾರೆ, ಇಂಥದಕ್ಕೆ ನಾನು! ಅವನ ಮಗಳು ಬರುವುದು ಆ ಶುಕ್ರವಾರ ಕಳೆದ ಮೇಲೆ. ಹಾಯಿಹಡಗು ಕಟ್ಟುವ ಅಂಗಳದ ಹತ್ತಿರ ಕಾರು ನಿಲ್ಲಿಸಿ ಅವನಿಗೆ ಹೇಳಿದೆ. ಅವನು "ಸರಿ, ಒಂದು ಗೋಲ್ ತಾನೆ" ಎಂದ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ನನ್ನ ಮೇಲೆಯೇ ಹರಿಹಾಯ್ದಳು, ನಾನೇ ಎಣ್ಣೆ ಬೆಲೆ ಇಳಿಸಿದವನ ಹಾಗೆ.

ಆ ಶುಕ್ರವಾರ ಎಳ್ಳಮಾವಾಸ್ಯೆ. ನಮ್ಮ ಕಡೆಯವರಿಗೆ ಈ ಹಬ್ಬವನ್ನು ವಿವರಿಸಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಅವತ್ತು ಸಜ್ಜಿ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಅಂಬಲಿ ಎಲ್ಲ ಮಾಡಿಕೊಂಡು ಹೊಲಕ್ಕೆ ಹೋಗುತ್ತೇವೆ. ಉಣ್ಣುವ ಮೊದಲು ಎಲ್ಲದರಲ್ಲೂ ಒಂದಿಷ್ಟು ತೆಗೆದು ಬೆಳೆಯ ಮೇಲೆ, ಹೊಲದ ನಾಲ್ಕೂ ಮೂಲೆಗೆ ಚೆಲ್ಲುತ್ತೇವೆ. ಅದೇ ಚರಗ. ಭೂತಾಯಿಗೆ, ಹುಳಹುಪ್ಪಡಿಗೆ, ಹಕ್ಕಿಗೆ ಮೊದಲ ತುತ್ತು. ಚೆಲ್ಲುವವನು ಮುಂದೆ ಹೋಗುತ್ತ "ಹುಲ್ಲುಲ್ಲಿಗೋ" ಎಂದು ಕೂಗಿದರೆ ಹಿಂದೆ ಬರುವವರು "ಚಳ್ಳಂಬರಿಗೋ" ಎನ್ನಬೇಕು. ಊರೂರಿಗೆ ಕೂಗು ಬೇರೆ, ನಮ್ಮೂರಲ್ಲಿ ಹೀಗೆ. ಸೂರಿನಲ್ಲಿ ಹೊಲ ಎಲ್ಲಿಂದ ಬರಬೇಕು? ಪ್ರತಿ ವರ್ಷ ಬುತ್ತಿ ಕಟ್ಟಿಕೊಂಡು ಯಾವುದಾದರೂ ವಾದಿಯ, ಅಂದರೆ ಗುಡ್ಡಗಳ ನಡುವಿನ ಹಳ್ಳದ, ಖರ್ಜೂರದ ಮರದ ಬುಡಕ್ಕೆ ಚೆಲ್ಲಿ, ಅಲ್ಲೇ ಉಂಡು ಬರುತ್ತಿದ್ದೆವು.

ಆ ವರ್ಷ ಬುತ್ತಿ ಕಟ್ಟುತ್ತ ನನ್ನ ಹೆಂಡತಿ, "ವಾದಿಗೆ ಬ್ಯಾಡ. ಮೈದಾನಕ್ಕ ಹೋಗೂಣು" ಎಂದಳು.

"ಯಾವ ಮೈದಾನಕ್ಕ?"

"ಪೋಲೆಂಡಪ್ಪನ ಮೈದಾನಕ್ಕ. ಅವಗ ಅನ್ನಾ ಕೊಡೋ ಮಣ್ಣು ಯಾವುದ್ರೀ? ಅದ ಅವನ ಹೊಲ. ಅಲ್ಲಿ ಚರಗ ಚೆಲ್ಲಿದವರು ಯಾರರ ಅದಾರೇನು ಇಲ್ಲಿಮಟ? ಹಸದ ಭೂಮಿ ಗೋಲ್ ಎಲ್ಲಿಂದ ಕೊಡತೈತಿ?"

ಬುತ್ತಿ ಮೈದಾನಕ್ಕೇ ಹೊರಟಿತು. ಆಟ ಸಂಜೆಗೆ, ಬೆಳಗ್ಗೆ ಮೈದಾನ ಖಾಲಿ. ಹುಲ್ಲಿಗೆ ನೀರು ಬಿಡುತ್ತಿದ್ದ ಬಂಗಾಳಿ ಕೆಲಸಗಾರ ನನಗೆ ಪರಿಚಯದವನು. ಅವನ ಕೈಗೆ ಎರಡು ಹೋಳಿಗೆ ಇಟ್ಟೆ, ಗೇಟು ತೆರೆಯಿತು. ರೇಷ್ಮೆ ಸೀರೆಯುಟ್ಟ ನನ್ನ ಹೆಂಡತಿ ಬುಟ್ಟಿ ಹೊತ್ತು ಮುಂದೆ, ಹಿಂದೆ ಪೋಲೆಂಡಪ್ಪ, ಅವನ ಹಿಂದೆ ಅಂಬಲಿಯ ತಂಬಿಗೆ ಹಿಡಿದ ನಾನು, ಎಲ್ಲರಿಗಿಂತ ಹಿಂದೆ ಮುಖ ಮುಚ್ಚಿಕೊಂಡ ನಮ್ಮ ಮಗಳು. ಆಗ ಅವಳು ಇಂಡಿಯನ್ ಸ್ಕೂಲಿನಲ್ಲಿ ಐದನೇ ತರಗತಿ, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ವಯಸ್ಸು.

"ಅಪ್ಪಾ, ದಿಸ್ ಈಸ್ ನಾಟ್ ಎ ಫಾರ್ಮ್. ಪೀಪಲ್ ವಿಲ್ ಸೀ ಅಸ್!"

"ನೋಡವಲ್ಲರ್ಯಾಕ. ನಾವೇನು ಕಳವು ಮಾಡಾಕ ಬಂದೀವೇನು?" ಎಂದು ಅವಳ ತಾಯಿ ಮುಂದೆ ನಡೆದಳು.

ಮೈದಾನದ ನಾಲ್ಕು ಮೂಲೆಯಲ್ಲೂ ಕಾರ್ನರ್ ಬಾವುಟ ಇತ್ತು. ನಮಗಾಗಿಯೇ ನೆಟ್ಟ ಹಾಗಿತ್ತು, ಮೂಲೆ ಹುಡುಕುವ ಕಷ್ಟವಿಲ್ಲ. ನಾನು ಮುಂದೆ ಬಂದು ಮೊದಲ ಮೂಲೆಗೆ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದೆ. ಮೊದಲು ಮೆಲ್ಲಗೆ, ನಾಚಿಕೆಯಿಂದ. ದಾರಿಯಲ್ಲೇ ಉತ್ತರ ಕಲಿತಿದ್ದ ಪೋಲೆಂಡಪ್ಪ ಹಿಂದಿನಿಂದ "ಚಳ್ಳಂಬರಿಗೋ!" ಎಂದು ಗಣಿಯ ಬಾಯಲ್ಲಿ ನಿಂತವನ ಹಾಗೆ ಅರಚಿದ. ಆಮೇಲೆ ನನಗೂ ಹುರುಪು ಬಂತು. ಎರಡನೇ ಮೂಲೆಗೆ ಬರುವಷ್ಟರಲ್ಲಿ ಮಗಳೂ ಕೂಗುತ್ತಿದ್ದಳು. ನಾಲ್ಕೂ ಮೂಲೆ ಮುಗಿದ ಮೇಲೆ ಅವನು ಬುಟ್ಟಿಗೆ ಕೈ ಹಾಕಿ, ಹಿಡಿದಷ್ಟು ಕಡುಬು ಬಾಚಿಕೊಂಡು ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸಿಗೆ ನಡೆದ. ಅಲ್ಲಿ ಪುಡಿ ಮಾಡಿ, ನಿಧಾನವಾಗಿ, ಬೀಜ ಬಿತ್ತುವವನ ಹಾಗೆ ಚೆಲ್ಲಿದ. ಆ ಹೊತ್ತಿನಲ್ಲಿ ಅವನ ಮುಖ ನೋಡಿ ನನಗೆ ತಮಾಷೆ ಅನ್ನಿಸಲಿಲ್ಲ. ಆಮೇಲೆ ಗ್ಯಾಲರಿಯ ನೆರಳಿನಲ್ಲಿ ಎಲ್ಲರೂ ಕೂತು ಉಂಡೆವು, ಬಂಗಾಳಿಯೂ ಸೇರಿ. ನನ್ನ ಒಮಾನ್ ವರ್ಷಗಳಲ್ಲಿ ಅಷ್ಟು ರುಚಿಯಾದ ಊಟ ಇನ್ನೊಂದು ನೆನಪಿಲ್ಲ.

ಸೂರ್ ಎಂದರೆ ಮೀನಿನ ಊರು. ಮೀನಿನ ಊರು ಎಂದರೆ ಕಡಲ ಹಕ್ಕಿಗಳ ಊರು. ಇದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೊಲದ ಹಬ್ಬದ ಸಂಭ್ರಮದಲ್ಲಿ ಕಡಲು ನಮಗೆ ಮರೆತುಹೋಗಿತ್ತು.

ಸಂಜೆ ನಾವು ಗ್ಯಾಲರಿಗೆ ಬಂದಾಗ ಮೈದಾನ ಬೆಳ್ಳಗಿತ್ತು. ಒಂದು ಹಕ್ಕಿಗೆ ಸಿಕ್ಕ ಸುದ್ದಿ ಬಂದರಿನ ಹಕ್ಕಿಗಳಿಗೆಲ್ಲ ಮುಟ್ಟಿತ್ತು. ಬಂಗಾಳಿ ಪೊರಕೆ ಹಿಡಿದು ಓಡಿಸುತ್ತಿದ್ದ. ಅವು ಎದ್ದು, ಒಂದು ಸುತ್ತು ಹೊಡೆದು, ಪೆನಾಲ್ಟಿ ಬಾಕ್ಸಿನಲ್ಲೇ ಇಳಿಯುತ್ತಿದ್ದವು. ರೆಫರಿ ಬಂದು ಹುಲ್ಲನ್ನು ಬಗ್ಗಿ ನೋಡಿದ, ಏನೋ ಎತ್ತಿಕೊಂಡು ಮೂಸಿದ, ಅವನಿಗೆ ಏನೂ ತಿಳಿಯಲಿಲ್ಲ. ನನ್ನ ಹೆಂಡತಿ ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಆಟ ಶುರುವಾದ ಮೇಲೆ ಹಕ್ಕಿಗಳು ಸ್ವಲ್ಪ ದೂರ ಸರಿದವು, ಚೆಂಡು ಆ ಕಡೆ ಹೋದಾಗಲೆಲ್ಲ ಬಾಕ್ಸಿಗೆ ಮತ್ತೆ ಇಳಿಯುತ್ತಿದ್ದವು. ಎರಡೂ ಕಡೆ ಗೋಲಿಲ್ಲ. ಅರ್ಬಾಬ್ ಮುಂದಿನ ಸಾಲಿನಲ್ಲಿ ಜಪಮಣಿ ಎಣಿಸುತ್ತ ಕೂತಿದ್ದರು. ಎರಡನೇ ಅರ್ಧದ ಕೊನೆಗೆ ಎದುರಾಳಿಗಳ ಕಾಲಿನಿಂದ ಜಾರಿದ ಚೆಂಡು ಪೋಲೆಂಡಪ್ಪನಿಗೆ ಸಿಕ್ಕಿತು. ಮುಂದೆ ಯಾರೂ ಇಲ್ಲ, ಗೋಲ್‌ಕೀಪರ್ ಒಬ್ಬನೇ. ಆಟ ಬರದ ನನಗೂ ಗೊತ್ತಾಯಿತು, ಇದು ಗೋಲೇ. ಎದ್ದು ನಿಂತೆ. ಅವನು ಕಾಲೆತ್ತಿದ. ಸರಿಯಾಗಿ ಅದೇ ಹೊತ್ತಿಗೆ ಪೆನಾಲ್ಟಿ ಬಾಕ್ಸಿನಿಂದ ಒಂದು ಹಿಂಡು ಅವನ ಮುಖದ ಮುಂದೆಯೇ ಭರ್ರೆಂದು ಎದ್ದಿತು. ಒಂದು ಹಕ್ಕಿ ಏಳಲಿಲ್ಲ, ಚೆಂಡಿನ ಮುಂದೆಯೇ ಕಡುಬು ಕುಕ್ಕುತ್ತ ಕೂತಿತ್ತು. ಅವನು ಎತ್ತಿದ ಕಾಲನ್ನು ತಡೆದ. ತಡೆದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟರಲ್ಲಿ ಗೋಲ್‌ಕೀಪರ್ ಬಂದು ಚೆಂಡಿನ ಮೇಲೆ ಬಿದ್ದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅರ್ಬಾಬ್ ಜಪಮಣಿ ಜೇಬಿಗೆ ಹಾಕಿಕೊಂಡು ಎದ್ದು ಹೋದರು.

ಮನೆಯಲ್ಲಿ ನನ್ನ ಹೆಂಡತಿ ಅಳುತ್ತ ಕೂತಳು. "ನಾನ ಕರದೆ ಆ ಹಕ್ಕಿಗೋಳನ್ನ. ಬರ್ರಿ ಊಟಕ್ಕ ಅಂತ ನಾನ ಕರದೆ. ಇಂವನ ಬಾಯಾಗ ಮಣ್ಣು ಹಾಕಿದೆ."

ಪೋಲೆಂಡಪ್ಪ ಅವಳ ಎದುರು ನೆಲದ ಮೇಲೆ ಕೂತು, "ನೀನು ಕರೆದದ್ದು ಮೂಲೆಗೆ. ಬಾಕ್ಸಿಗೆ ಕರೆದದ್ದು ನಾನು" ಎಂದ. ಆಮೇಲೆ, "ಮನೆಗೆ ಊಟಕ್ಕೆ ಬಂದವರನ್ನ ಒದೆಯೋದು ಹೇಗೆ, ಹೇಳು?" ಎಂದು ಕೇಳಿದ. ನಾನು ಅರ್ಥ ಹೇಳಿದೆ. ಅವಳು ಇನ್ನೂ ಜೋರಾಗಿ ಅತ್ತಳು. ನನಗೆ ಹಕ್ಕಿಗಳ ಮೇಲೆ ಸಿಟ್ಟು, ಅರ್ಬಾಬರ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ಆ ದರಿದ್ರ ಎಣ್ಣೆ ಬೆಲೆಯ ಮೇಲೆ ಸಿಟ್ಟು. ಎಲ್ಲೋ ದೂರದ ಊರಲ್ಲಿ ಯಾರೋ ಕೂತು ಬೆಲೆ ಇಳಿಸುತ್ತಾರೆ, ಇಲ್ಲಿ ಒಬ್ಬ ಅಪ್ಪ ಮಗಳ ಮುಂದೆ ಓಡುವ ಹಾಗಿಲ್ಲ!

"ನೀವು ಹೋಗಿ ಅರ್ಬಾಬರನ್ನ ಕೇಳ್ರಿ" ಎಂದಳು ಕಣ್ಣೊರೆಸಿಕೊಂಡು.

"ಹುಚ್ಚೀ, ಇದ್ದವರ ತಲಿ ಉರುಳಾಕ ಹತ್ಯಾವು. ಈಗ ಹೋಗಿ ಎದುರು ನಿಂತರ ನನ್ನೂ ಮನಿಗೆ ಕಳಿಸ್ತಾರು."

"ನೀವು ಹೋಗದಿದ್ದರ ನಾ ಹೋಗತೀನಿ."

ಅವಳು ಹೋಗುವವಳೇ. ಆದ್ದರಿಂದ ನಾನು ಹೋದೆ. ರಾತ್ರಿಯ ನಮಾಜು ಮುಗಿಸಿ ಅರ್ಬಾಬ್ ಮಜ್ಲಿಸಿನಲ್ಲಿ, ಅಂದರೆ ಬಂದವರನ್ನು ಕೂರಿಸುವ ಕೋಣೆಯಲ್ಲಿ, ಒಬ್ಬರೇ ಇದ್ದರು. ಆ ತಿಂಗಳುಗಳಲ್ಲಿ ಯಾರೂ ಅವರ ಬಳಿ ಏನನ್ನೂ ಕೇಳಲು ಹೋಗುತ್ತಿರಲಿಲ್ಲ, ಕಣ್ಣಿಗೆ ಬೀಳದಿದ್ದರೆ ಸಾಕು ಎಂಬ ಕಾಲ. ಖರ್ಜೂರ ಮುಂದಿಟ್ಟರು. ಮಗಳು ಬರುವ ವಿಷಯ, ವಿಮಾನ ನಿಲ್ದಾಣದ ಮಾತು, ಎಲ್ಲ ಹೇಳಿಬಿಟ್ಟೆ. ಹೇಳುತ್ತ ಹೇಳುತ್ತ ನನ್ನ ದನಿ ಏರಿತು. "ಒಂದು ಆಟ, ಅರ್ಬಾಬ್. ಬೆಂಚಿನ ಮೇಲಾದರೂ ಕೂರಿಸಿ. ಇಷ್ಟು ವರ್ಷದಲ್ಲಿ ನಾನು ನಿಮ್ಮನ್ನು ಏನಾದರೂ ಕೇಳಿದ್ದೇನಾ?" ಎಂದೆ.

ಅವರು ಖರ್ಜೂರದ ತಟ್ಟೆಯನ್ನು ನನ್ನ ಕಡೆ ಇನ್ನಷ್ಟು ಸರಿಸಿದರು. "ನಿನ್ನ ಮಗಳಿಗೆ ನಿನ್ನ ಕೆಲಸ ಏನು ಅಂತ ಗೊತ್ತಾ?" ಎಂದು ಕೇಳಿದರು.

"ಗೊತ್ತು. ದಿನವಿಡೀ ಫೋನಿನಲ್ಲಿ ಡ್ರೈವರುಗಳಿಗೆ ಬೈಯೋದು ಅಂತ."

ಮುದುಕರು ನಕ್ಕರು. "ನಮ್ಮಪ್ಪ ಹಡಗು ಕಟ್ಟುತ್ತಿದ್ದ. ನಾನು ಅಲ್ಲೇ ಹಲಗೆಗಳ ಮೇಲೆ ಕೂತು ನೋಡುತ್ತಿದ್ದೆ. ಶಾಲೆಯಲ್ಲಿ ಏನು ಕಲಿಸಿದರೋ ಒಂದೂ ನೆನಪಿಲ್ಲ, ಅವನ ಕೈ ನೆನಪಿದೆ" ಎಂದರು. ಆಮೇಲೆ ಒಂದು ಬೆರಳು ಎತ್ತಿದರು. "ಒಂದೇ ಆಟ. ಬೆಂಚು. ಇಳಿಸೋದು ಬಿಡೋದು ಕೋಚಿಗೆ ಬಿಟ್ಟದ್ದು. ಆಮೇಲೆ ಖಲಾಸ್." ನಾನು ಎದ್ದು ಬಾಗಿಲವರೆಗೆ ಬಂದಾಗ ಹಿಂದಿನಿಂದ, "ಹಕ್ಕಿಗಳಿಗೆ ದಾವತ್ ಕೊಡಬೇಡ ಅಂತ ನಿನ್ನ ಬೀವಿಗೆ ಹೇಳು" ಎಂದರು. ಬಂಗಾಳಿ ಎಲ್ಲ ಊದಿದ್ದ.

ಪೋಲೆಂಡಪ್ಪನ ಮಗಳು ತಾಯಿಯ ಜೊತೆ ಬಂದಳು. ಜೊಂಡಿನಂತಹ ಬಿಳಿ ಕೂದಲು, ಮುಂದಿನ ಹಲ್ಲು ಬಿದ್ದ ಬಾಯಿ. ಬಂದ ದಿನ ನನ್ನ ಹೆಂಡತಿಯ ಬಳೆಗಳನ್ನು ಮುಟ್ಟಿ ಮುಟ್ಟಿ ನೋಡಿದಳು, ಎರಡನೇ ದಿನ ಅವು ಅವಳ ಕೈಯಲ್ಲಿದ್ದವು. ಅವಳಿಗೆ ಇಂಗ್ಲಿಷ್ ಬಾರದು, ನಮ್ಮ ಮಗಳಿಗೆ ಪೋಲಿಷ್ ಬಾರದು, ಇಬ್ಬರೂ ಹಗಲೆಲ್ಲ ಮಾತಾಡಿದರು. ತಾಯಿ ಕಡಿಮೆ ಮಾತಿನ ಹೆಂಗಸು. ಅಡುಗೆಮನೆಗೆ ಬಂದು ಸುಮ್ಮನೆ ಈರುಳ್ಳಿ ಹೆಚ್ಚಿಕೊಡುತ್ತಿದ್ದಳು.

ಅವರು ಬಂದ ವಾರದ ಶುಕ್ರವಾರ ಗ್ಯಾಲರಿಯಲ್ಲಿ ನಾವೆಲ್ಲ ಒಂದೇ ಸಾಲಿನಲ್ಲಿ ಕೂತೆವು. ಪೋಲೆಂಡಪ್ಪ ಬೆಂಚಿನಲ್ಲಿದ್ದ. ಮೊದಲರ್ಧ ಮುಗಿಯಿತು, ಅವನನ್ನು ಕರೆಯಲಿಲ್ಲ. ಅವನು ಎದ್ದು ಗೆರೆಯ ಆಚೆ ಓಡತೊಡಗಿದ. ಹುಡುಗಿ ಬೇಲಿಯ ಹತ್ತಿರ ಹೋಗಿ ನಿಂತಳು. ಇದೂ ಆ ಒಗೆಯದ ಅಂಗಿಯ ಕಥೆಯೇ ಆಗುತ್ತದೋ ಏನೋ. ಕೊನೆಗೆ ಟ್ಯುನೀಷಿಯಾದವನು ಗ್ಯಾಲರಿಯ ಕಡೆ ಒಮ್ಮೆ ನೋಡಿ, ಇವನ ಬೆನ್ನು ತಟ್ಟಿ ಒಳಗೆ ಕಳಿಸಿದ. ನನ್ನ ಹೆಂಡತಿ ಊರ ಜಾತ್ರೆಯಲ್ಲೂ ಹಾಕದಂಥ ಸಿಳ್ಳೆ ಹಾಕಿದಳು. ಅವಳಿಗೆ ಸಿಳ್ಳೆ ಬರುತ್ತದೆ ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವತ್ತು ನಾನು ಮೊದಲ ಸಲ ಅವನ ಆಟವನ್ನು ನಿಜವಾಗಿಯೂ ನೋಡಿದೆ. ಚೆಂಡನ್ನು ಬಿಟ್ಟು ಅವನನ್ನೇ ನೋಡಿದೆ. ಓಡುತ್ತಿದ್ದ, ಖಾಲಿ ಜಾಗ ಹುಡುಕಿ ನಿಲ್ಲುತ್ತಿದ್ದ, ಕೈ ಎತ್ತುತ್ತಿದ್ದ. ಚೆಂಡು ಬರುತ್ತಿರಲಿಲ್ಲ. ಆ ತಂಡದಲ್ಲಿ ಪ್ರತಿಯೊಬ್ಬನಿಗೂ ತನ್ನ ಜಾಗದ ಭಯ, ಎಲ್ಲರೂ ತಾವೇ ಒದೆಯುತ್ತಿದ್ದರು. ಅವನು ಮತ್ತೆ ಓಡುತ್ತಿದ್ದ, ಮತ್ತೆ ಕೈ ಎತ್ತುತ್ತಿದ್ದ. ಒಂದೇ ಒಂದು ಸಲ ಮೂಲೆಯಿಂದ ಬಂದ ಚೆಂಡಿಗೆ ಎಲ್ಲರಿಗಿಂತ ಮೇಲೆ ಹಾರಿ ತಲೆ ಕೊಟ್ಟ. ಮೇಲಿನ ಕಂಬಿಗೆ ಬಡಿದ ಸದ್ದು ನಮ್ಮವರೆಗೆ ಕೇಳಿಸಿತು. ಇಡೀ ಗ್ಯಾಲರಿ ಎದ್ದಿತು, ಅರ್ಬಾಬರೂ ಎದ್ದರು. ಗೋಲ್ ಆಗಲಿಲ್ಲ. ಆಟ ಹಾಗೆಯೇ ಮುಗಿಯಿತು.

ಜನ ಕರಗುವಾಗ ಅರ್ಬಾಬ್ ನನ್ನ ಭುಜ ಹಿಡಿದು ನಿಲ್ಲಿಸಿದರು. "ಆ ವಯಸ್ಸಿಗೆ ಹೀಗೆ ಓಡ್ತಾನೆ, ನಮ್ಮ ಹುಡುಗರಿಗೆ ನಾಚಿಕೆ ಆಗಬೇಕು. ಬೇರೆಯವನನ್ನು ಬಿಡೋಣ. ಇವನು ಸೀಸನ್ ಮುಗಿಯೋವರೆಗೂ ಇರಲಿ" ಎಂದರು.

ನಾನು ಹೊಟ್ಟೆ ಹೊತ್ತುಕೊಂಡು ಎಷ್ಟು ಜೋರಾಗಿ ಓಡಬಹುದೋ ಅಷ್ಟು ಜೋರಾಗಿ ಓಡಿದೆ. ಅವನು ಬೇಲಿಗೆ ಒರಗಿ ಹುಲ್ಲಿನ ಮೇಲೆ ಕೂತಿದ್ದ. ಮಗಳು ಎದುರು ಕೂತು ಅವನ ಬೂಟಿನ ದಾರ ಬಿಚ್ಚುತ್ತಿದ್ದಳು. ಏದುಸಿರು ಬಿಡುತ್ತಲೇ ಸುದ್ದಿ ಹೇಳಿದೆ. ಅವನು ನನ್ನ ಕೈ ಹಿಡಿದು, "ಅರ್ಬಾಬರಿಗೆ ನನ್ನ ಸಲಾಂ ಹೇಳು. ನಾನು ಇವರ ಜೊತೆ ಹೊರಡ್ತೀನಿ. ಆಟ ಮುಗಿಸಿದೆ" ಎಂದ.

ನನಗೆ ಸಿಟ್ಟು ನೆತ್ತಿಗೇರಿತು. "ಏ ಹುಚ್ಚಪ್ಪಾ! ನಿನ್ನ ಸಲುವಾಗಿ ನಾ ನನ್ನ ನೌಕರಿ ಪಣಕ್ಕ ಇಟ್ಟೀನಿ. ಈಗ ನಿನ್ನ ಕೆಲಸ ಉಳದೈತಿ ಅಂದರ ಬ್ಯಾಡ ಅಂತೀಯಲ್ಲೋ!" ಎಂದು ಅಚ್ಚ ಕನ್ನಡದಲ್ಲೇ ಬೈದೆ. ಅವನಿಗೆ ಅರ್ಥವಾಯಿತು, ಬೈಗುಳಕ್ಕೆ ಯಾರೂ ಅರ್ಥ ಹೇಳಬೇಕಿಲ್ಲ.

ಮಗಳ ತಲೆಯ ಮೇಲೆ ಕೈಯಿಟ್ಟು ಅವನು ಹೇಳಿದ, "ನಾನು ಆಡಿದ್ದು ನೋಡಿದೆಯಾ ಅಂತ ಇವಳನ್ನ ಕೇಳಿದೆ. ನೋಡಿದೆ ಅಂದಳು. 'ನೀನು ಅಷ್ಟೊಂದು ಓಡಿದೆ, ಪಪ್ಪಾ. ಪ್ರತಿ ಸಲ ಕೈ ಎತ್ತಿದೆ. ಯಾರೂ ನಿನಗೆ ಚೆಂಡು ಕೊಡಲೇ ಇಲ್ಲ. ಮನೆಗೆ ಬಾ, ನಾನು ಕೊಡ್ತೀನಿ' ಅಂದಳು."

ನಾನು ಅವನ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತುಬಿಟ್ಟೆ. ಹುಡುಗಿ ಅವನ ಒಂದು ಬೂಟು ಕಳಚಿ ಬದಿಗಿಟ್ಟು, ಇನ್ನೊಂದರ ದಾರಕ್ಕೆ ಕೈ ಹಾಕಿದಳು.